ಲೋಕಾ ಸಿನಿಮಾ: ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು, ಚಿಕ್ಕಬಳ್ಳಾಪುರದ ಅಭಿಮಾನಿಯ ಉತ್ತರಗಳು

‘ಲೋಕಾ ಚಾಪ್ಟರ್ 1: ಚಂದ್ರ’ ಬಂದಾಗಿನಿಂದ ಅದರ ಬಗ್ಗೆ ನನ್ನನ್ನು ಕೇಳದವರು ಕಡಿಮೆ. ಬೆಳಗಿನ ಬೆಂಗಳೂರು ಬಸ್ಸಿನಲ್ಲಿ ಪಕ್ಕ ಕೂರುವ ಹುಡುಗಿಯರು, ಕಾಲೇಜು ಹುಡುಗರು, ನಮ್ಮ ಚಿಕ್ಕಮ್ಮ, ಬೀದಿಯ ಮಕ್ಕಳ ಅಮ್ಮಂದಿರು, ಎಲ್ಲರ ಹತ್ತಿರವೂ ಒಂದೊಂದು ಪ್ರಶ್ನೆ. ಕೆಲವರು ಉದ್ದುದ್ದ ಮೆಸೇಜ್ ಬರೆದು ಜಗಳವನ್ನೂ ಆಡಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರ ಬರೆದಿದ್ದೇನೆ. ನನಗೆ ಈ ಸಿನಿಮಾ ತುಂಬಾ ಇಷ್ಟ. ಬೇಸರವಾದ ಜಾಗಗಳೂ ಇವೆ, ಅವನ್ನೂ ಹೇಳಿದ್ದೇನೆ. ಈ ಬರಹದ ಎರಡನೇ ಭಾಗದಿಂದ ಕಥೆಯ ಗುಟ್ಟು ಹೊರಗೆ ಬರುತ್ತದೆ. ಸಿನಿಮಾ ನೋಡದವರು ಮೊದಲ ಭಾಗ ಓದಿ ಅಲ್ಲಿಗೇ ನಿಲ್ಲಿಸಿ.

## ಇನ್ನೂ ನೋಡದವರಿಗೆ

ಅಕ್ಕಾ, ಇದು ಮಲಯಾಳಂ ಸಿನಿಮಾನಾ, ತೆಲುಗು ಸಿನಿಮಾನಾ?

ಮಲಯಾಳಂ. 2025ರ ಆಗಸ್ಟ್ 28ರಂದು, ಓಣಂ ಹಬ್ಬದ ಹೊತ್ತಿಗೆ ಬಿಡುಗಡೆಯಾಯಿತು. ನಿರ್ದೇಶಕ ಡೊಮಿನಿಕ್ ಅರುಣ್. ದುಡ್ಡು ಹಾಕಿದ್ದು ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್. ತೆಲುಗಿನಲ್ಲಿ ‘ಕೊತ್ತ ಲೋಕ’ ಎಂಬ ಹೆಸರಿನಲ್ಲಿ ಬಂತು. ನಮ್ಮ ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಮಾತಾಡುವವರು ಜಾಸ್ತಿ ಅಲ್ವಾ, ಅದಕ್ಕೇ ನನಗೆ ಗೊತ್ತಿರುವ ಎಷ್ಟೋ ಜನ ನೋಡಿದ್ದು ತೆಲುಗಿನಲ್ಲೇ. ನಾಯಕಿ ಕಲ್ಯಾಣಿ ಪ್ರಿಯದರ್ಶನ್ ಮೊದಲು ಬಣ್ಣ ಹಚ್ಚಿದ್ದೂ 2017ರ ಒಂದು ತೆಲುಗು ಸಿನಿಮಾದಲ್ಲಿ. ಹಾಗಾಗಿ ಇದು ತೆಲುಗಿನದೇ ಎಂದು ಅನೇಕರು ಅಂದುಕೊಂಡಿದ್ದಾರೆ.

ಕಥೆ ಏನು? ಪೂರ್ತಿ ಹೇಳ್ಬೇಡಿ, ಸ್ವಲ್ಪ ಮಾತ್ರ ಹೇಳಿ.

ಚಂದ್ರ ಎಂಬ ಹುಡುಗಿ ಬೆಂಗಳೂರಿಗೆ ಬರುತ್ತಾಳೆ. ಯಾರ ಕಣ್ಣಿಗೂ ಬೀಳದೆ ಇರಬೇಕು ಎಂದು ಅವಳಿಗೆ ಮೇಲಿನಿಂದ ಆದೇಶವಿದೆ. ರಾತ್ರಿ ಪಾಳಿಯಲ್ಲಿ ಒಂದು ಕೆಫೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಎದುರು ಮನೆಯಲ್ಲಿ ಸನ್ನಿ ಎಂಬ ಹುಡುಗ, ಅವನ ಇಬ್ಬರು ಗೆಳೆಯರು. ಹೇಳಿಕೊಳ್ಳುವಂಥ ಕೆಲಸ ಮೂವರಿಗೂ ಇಲ್ಲ. ಸನ್ನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಊರಿನಲ್ಲಿ ಜನರ ಕಿಡ್ನಿ, ಲಿವರ್ ಕದ್ದು ಮಾರುವ ಗ್ಯಾಂಗ್ ಒಂದಿದೆ. ಚಂದ್ರ ಅವರ ದಾರಿಗೆ ಅಡ್ಡ ಬರುತ್ತಾಳೆ. ಅವಳು ನಮ್ಮ ನಿಮ್ಮಂಥವಳಲ್ಲ ಎಂದು ಸನ್ನಿಗೆ ಗೊತ್ತಾಗುವುದು ಆಗಲೇ. ಇಷ್ಟು ಸಾಕು.

ಕನ್ನಡದಲ್ಲಿ ಇದೆಯಾ? ಯಾವ ಭಾಷೇಲಿ ನೋಡ್ಲಿ?

ಥಿಯೇಟರಿಗೆ ಮಲಯಾಳಂ, ತೆಲುಗು, ತಮಿಳು, ಹಿಂದಿಯಲ್ಲಿ ಬಂತು. ಕನ್ನಡದ ಧ್ವನಿ ಸೇರಿದ್ದು 2025ರ ಅಕ್ಟೋಬರ್ 31ರಂದು ಜಿಯೋಹಾಟ್‌ಸ್ಟಾರ್‌ಗೆ ಬಂದಾಗ. ಮಲಯಾಳಂನಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ಸನ್ನಿಯ ಮನೆಯ ತಮಾಷೆಗಳು ಚೆನ್ನಾಗಿ ಕೂರುತ್ತವೆ. ಮನೆಯಲ್ಲಿ ಹಿರಿಯರು ಜೊತೆಗಿದ್ದರೆ ಕನ್ನಡದಲ್ಲೇ ಹಾಕಿ. ಸಬ್‌ಟೈಟಲ್ ಓದುತ್ತಾ ಕೂತರೆ ಫೈಟ್ ನೋಡಲು ಆಗಲ್ಲ ಎಂದು ನಮ್ಮ ಚಿಕ್ಕಮ್ಮ ಹೇಳಿದ್ದು ಸರಿಯಾಗೇ ಇದೆ.

ಥಿಯೇಟರಿನಲ್ಲೇ ಕನ್ನಡ ಯಾಕೆ ಇರಲಿಲ್ಲ ಎಂದು ಕೇಳುವವರಿಗೆ ಒಂದು ಮಾತು. ಎಷ್ಟೋ ದಶಕ ಕನ್ನಡಕ್ಕೆ ಡಬ್ಬಿಂಗ್ ಆಗದ ಹಾಗೆ ಚಿತ್ರರಂಗವೇ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹಾಗೆ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. ದಾರಿ ತೆರೆಯಿತು, ಆದರೆ ಅಭ್ಯಾಸ ಬದಲಾಗಲಿಲ್ಲ. ನಮ್ಮ ಜಿಲ್ಲೆಯ ಜನ ಹೇಗಿದ್ದರೂ ತೆಲುಗಿನಲ್ಲಿ ನೋಡ್ತಾರೆ, ಬೆಂಗಳೂರಿನವರು ಮೂಲ ಭಾಷೆಯಲ್ಲೇ ನೋಡ್ತಾರೆ ಎಂದು ಹಂಚಿಕೆದಾರರಿಗೆ ಗೊತ್ತು. ಕನ್ನಡದಲ್ಲಿ ಬೇಕು ಎಂದು ನಾವು ಬಾಯಿಬಿಟ್ಟು ಕೇಳುವವರೆಗೆ ಅವರಾಗಿಯೇ ತರಲಾರರು.

ಮಕ್ಕಳನ್ನು ಕೂರಿಸಿಕೊಂಡು ನೋಡಬಹುದಾ?

ಹೈಸ್ಕೂಲಿಗೆ ಬಂದ ಮಕ್ಕಳ ಜೊತೆ ಧಾರಾಳವಾಗಿ ನೋಡಿ. ಚಿಕ್ಕವರಿಗೆ ಬೇಡ. ರಕ್ತ ಇದೆ. ಕತ್ತಲೆ ಜಾಸ್ತಿ. ಹಿಂದಿನ ಕಾಲದ ಕಥೆ ಬರುವಾಗ ಒಂದು ಹೆಣ್ಣುಮಗುವಿನ ಕಣ್ಣೆದುರೇ ಅವಳ ಜನರ ಮೇಲೆ ದಾಳಿಯಾಗುತ್ತದೆ. ನನಗೇ ಅಲ್ಲಿ ಗಂಟಲು ಕಟ್ಟಿತು.

ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾ ಒಂದೂ ನೋಡಿಲ್ಲ. ಅರ್ಥ ಆಗುತ್ತಾ?

ಆಗುತ್ತದೆ. ಅಜ್ಜಿ ಹೇಳಿದ ದೆವ್ವದ ಕಥೆ ಕೇಳಿದ್ದರೆ ಸಾಕು. ಆದರೆ ಕೊನೆಯಲ್ಲಿ ಹೆಸರುಗಳು ಬರಲು ಶುರುವಾದ ಕೂಡಲೇ ಎದ್ದು ಹೋಗಬೇಡಿ. ಮುಂದಿನ ಕಥೆಯ ಬೀಜ ಅಲ್ಲಿದೆ.

## ನೋಡಿ ಬಂದವರು ಕೇಳುವುದು

ಆ ಸನ್ನಿ ಏನೂ ಮಾಡಲ್ವಲ್ಲ? ಹೀರೋ ಅಂತ ಯಾಕೆ ಇಟ್ಟಿದ್ದಾರೆ?

ಅವನು ಹೀರೋ ಅಲ್ಲ, ಚಂದ್ರನೇ ಹೀರೋ. ಈ ಪ್ರಶ್ನೆ ಕೇಳಿದವರಲ್ಲಿ ಹುಡುಗರೇ ಜಾಸ್ತಿ. ನಸ್ಲೆನ್ ಆ ಪಾತ್ರ ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. ಅವನಿಗೆ ಭಯವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಯಾರು ಎಂದು ಗೊತ್ತಾದ ಮೇಲೂ ಓಡಿಹೋಗುವುದಿಲ್ಲ. ಅವಳನ್ನು ಕಾಪಾಡುತ್ತೇನೆ ಎಂದು ಮುಂದೆ ನುಗ್ಗುವುದೂ ಇಲ್ಲ. ಜೊತೆಗಿರುತ್ತಾನೆ, ಅಷ್ಟೇ. ಶಕ್ತಿವಂತ ಹೆಣ್ಣಿನ ಪಕ್ಕ ಇಂಥ ಹುಡುಗನನ್ನು ನಮ್ಮ ಸಿನಿಮಾಗಳು ತೋರಿಸಿದ್ದು ಎಷ್ಟು ಸಲ ಹೇಳಿ? ಸಾಮಾನ್ಯವಾಗಿ ಕೊನೆಯ ಫೈಟಿಗೆ ಹುಡುಗ ಬಂದೇ ಬರುತ್ತಾನೆ, ಅಲ್ಲಿಯವರೆಗೆ ಅವಳು ಗಳಿಸಿದ್ದನ್ನೆಲ್ಲ ತಾನು ತೆಗೆದುಕೊಳ್ಳುತ್ತಾನೆ. ಇಲ್ಲಿ ಅದು ಆಗುವುದಿಲ್ಲ. ನನ್ನ ಜೊತೆ ಬಸ್ಸಿನಲ್ಲಿ ಬರುವ ಹುಡುಗಿಯರು ಈ ಸಿನಿಮಾವನ್ನು ಅಷ್ಟು ಹಚ್ಚಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ರಾತ್ರಿ ಒಂದು ಹುಡುಗಿ ಒಬ್ಬಳೇ ರಸ್ತೆಯಲ್ಲಿ ನಡೆಯುತ್ತಿದ್ದಾಳೆ, ನೋಡುವ ನಮಗೆ ಅವಳ ಬಗ್ಗೆ ಒಂಚೂರೂ ಹೆದರಿಕೆ ಇಲ್ಲ. ಕತ್ತಲಾದ ಮೇಲೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಿಂದ ಮನೆಗೆ ನಡೆದು ಹೋಗುವವರಿಗೆ ಅದು ಎಷ್ಟು ದೊಡ್ಡ ಸುಖ ಎಂದು ಗೊತ್ತು.

ನೀಲಿ ಅಂದ್ರೆ ಯಾರು? ದೆವ್ವಾನಾ, ದೇವರಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಸಿನಿಮಾದ ಜೀವ ಇರುವುದೇ ಇಲ್ಲಿ.

ಕಳ್ಳಿಯಂಕಾಟ್ಟು ನೀಲಿ ಕೇರಳದ ಮಕ್ಕಳೆಲ್ಲ ಕೇಳಿ ಬೆಳೆದ ಯಕ್ಷಿ. ಜನ ಹೇಳುವ ಒಂದು ಕಥೆಯಲ್ಲಿ ಅವಳನ್ನು ಒಡವೆಯ ಆಸೆಗೆ ಗಂಡನೇ ಕೊಂದಿರುತ್ತಾನೆ. ಅವಳು ಮತ್ತೆ ಹುಟ್ಟಿ ಬಂದು ಸೇಡು ತೀರಿಸಿಕೊಳ್ಳುತ್ತಾಳೆ. ಆಮೇಲೆ ದಾರಿಯಲ್ಲಿ ಹೋಗುವ ಗಂಡಸರನ್ನು ಮರುಳು ಮಾಡಿ ರಕ್ತ ಹೀರುವ ಯಕ್ಷಿಯಾಗಿ ಅವಳ ಹೆಸರು ಉಳಿಯುತ್ತದೆ. ಕಡಮಟ್ಟತ್ತು ಕತ್ತನಾರ್ ಎಂಬ ಕ್ರೈಸ್ತ ಪಾದ್ರಿ ಮಂತ್ರಶಕ್ತಿಯಿಂದ ಅವಳನ್ನು ಹಿಡಿದು ಕಟ್ಟಿಹಾಕಿದ ಎಂದು ಕಥೆ ಮುಗಿಯುತ್ತದೆ.

ಸಿನಿಮಾ ಇದನ್ನೇ ತಿರುಗಿಸಿ ಹಾಕಿದೆ. ಚಂದ್ರನೇ ಆ ನೀಲಿ. ಅವಳು ಒಂದು ಬುಡಕಟ್ಟಿನ ಮಗು. ಅವಳ ಜನರನ್ನು ರಾಜ ತುಳಿಯುತ್ತಾನೆ. ದಾಳಿಯಿಂದ ತಪ್ಪಿಸಿಕೊಂಡ ಮಗುವಿಗೆ ಗುಹೆಯಲ್ಲಿ ಒಂದು ಸೋಂಕಿನ ಹಾಗೆ ಆ ಶಕ್ತಿ ಅಂಟುತ್ತದೆ. ಮೊದಲ ಸಲ ಅವಳು ತಿರುಗಿ ನಿಲ್ಲುವ ದೃಶ್ಯವನ್ನು ಮತ್ತೊಮ್ಮೆ ಗಮನಿಸಿ ನೋಡಿ. ಪುಟ್ಟ ದೇಹ, ಎದುರಿಗೆ ಆಯುಧ ಹಿಡಿದ ಆಳೆತ್ತರದ ಸೈನಿಕರು. ಆ ಹುಡುಗಿ ಕಿರುಚುವುದಿಲ್ಲ, ಡೈಲಾಗ್ ಹೊಡೆಯುವುದಿಲ್ಲ. ಮೈಯಲ್ಲಿ ಏನೋ ಬದಲಾಗಿದೆ ಎಂದು ಅವಳಿಗೂ ಆಗಷ್ಟೇ ತಿಳಿಯುತ್ತಿದೆ, ಅದು ಮುಖದಲ್ಲಿ ಕಾಣುತ್ತದೆ. ಕತ್ತನಾರ್ ಇಲ್ಲಿ ಅವಳನ್ನು ಕಟ್ಟಿಹಾಕುವವನಲ್ಲ. ಈ ಶಕ್ತಿಯನ್ನು ಒಳ್ಳೆಯದಕ್ಕೆ ಬಳಸು ಎಂದು ಜೊತೆಗೆ ಕರೆದುಕೊಳ್ಳುವವನು.

ಈಗ ಯೋಚಿಸಿ. ರಾಜನ ಸೈನ್ಯವನ್ನು ಹೊಡೆದ ಹೆಣ್ಣಿನ ಕಥೆಯನ್ನು ರಾಜನ ಕಡೆಯವರು ಹೇಳಿದರೆ ಅವಳು ರಕ್ತ ಕುಡಿಯುವ ರಾಕ್ಷಸಿಯಾಗುತ್ತಾಳೆ. ಅವಳ ಕಡೆಯವರು ಹೇಳಿದರೆ ತಾಯಿಯಾಗುತ್ತಾಳೆ. ನಾವು ಕೇಳಿದ್ದು ಗೆದ್ದವರ ಕಡೆಯ ಕಥೆ. ಸಿನಿಮಾ ಅದನ್ನು ಭಾಷಣ ಮಾಡದೆ ಹೇಳಿದೆ. ಆದ್ದರಿಂದ ದೆವ್ವಾನಾ, ದೇವರಾ ಎಂಬ ಪ್ರಶ್ನೆಗೆ ನನ್ನ ಉತ್ತರ: ಎರಡೂ ಅಲ್ಲ, ಅನ್ಯಾಯ ಕಂಡು ಸುಮ್ನೆ ಕೂರದ ಒಬ್ಬ ಹೆಣ್ಣುಮಗಳು.

ಚಾತ್ತನ್, ಒಡಿಯನ್, ಮೂತ್ತೋನ್ ಇವರೆಲ್ಲ ಯಾರು? ತಲೆಬುಡ ತಿಳೀಲಿಲ್ಲ.

ಚಾತ್ತನ್, ಒಡಿಯನ್ ಇಬ್ಬರೂ ಕೇರಳದ ಹಳೆಯ ಕಥೆಗಳಿಂದ ಬಂದವರೇ. ಕುಟ್ಟಿಚಾತ್ತನ್ ಎಂದರೆ ತುಂಟ ಶಕ್ತಿ, ಒಲಿದರೆ ಕೈ ಹಿಡಿಯುತ್ತಾನೆ, ಮುನಿದರೆ ಮನೆಯ ಮೇಲೆ ಕಲ್ಲು ಬೀಳುತ್ತದೆ ಎನ್ನುತ್ತಾರೆ. ಆ ಪಾತ್ರ ಟೊವಿನೋ ಥಾಮಸ್ ಅವರದು. ಒಡಿಯನ್ ರಾತ್ರಿ ಹೊತ್ತು ಪ್ರಾಣಿಯ ರೂಪ ತಾಳಿ ಜನರನ್ನು ಹೆದರಿಸುವವನು, ಅದು ದುಲ್ಕರ್ ಅವರ ಪಾತ್ರ. ಮೂತ್ತೋನ್ ಈ ಗುಂಪಿಗೆಲ್ಲ ಹಿರಿಯ. ಮುಖ ತೋರಿಸುವುದಿಲ್ಲ, ಧ್ವನಿ ಮಾತ್ರ ಮಮ್ಮುಟ್ಟಿ ಅವರದು.

ಬಜೆಟ್ ಬರೀ 30 ಕೋಟಿ ಅಂತೆ. ಅಷ್ಟು ಕಡಿಮೆ ದುಡ್ಡಲ್ಲಿ ಹೇಗೆ ಹೀಗೆ ಕಾಣ್ಸುತ್ತೆ?

ಸುಮಾರು 30 ಕೋಟಿ ಎಂದೇ ಎಲ್ಲ ಕಡೆ ಬಂದಿತ್ತು. ಗಳಿಕೆ ಜಗತ್ತಿನಾದ್ಯಂತ 300 ಕೋಟಿ ದಾಟಿತು. ದುಡ್ಡು ಕಡಿಮೆ ಇದ್ದಾಗ ಎಲ್ಲಿ ಖರ್ಚು ಮಾಡಬೇಕು ಎಂದು ಗೊತ್ತಿರಬೇಕು, ಇವರಿಗೆ ಗೊತ್ತಿತ್ತು.

ಮೊದಲನೆಯದು ಬೆಳಕು. ಚಂದ್ರನಿಗೆ ಬಿಸಿಲು ಆಗುವುದಿಲ್ಲ, ಅದಕ್ಕೇ ಸಿನಿಮಾ ಬಹುಪಾಲು ರಾತ್ರಿಯಲ್ಲೇ ನಡೆಯುತ್ತದೆ. ಛಾಯಾಗ್ರಾಹಕ ನಿಮಿಷ್ ರವಿ ಆ ರಾತ್ರಿಯನ್ನು ಕೆಂಪು, ನೀಲಿ ದೀಪಗಳಲ್ಲಿ ಕಟ್ಟಿದ್ದಾರೆ. ಕತ್ತಲೆ ಇದ್ದಲ್ಲಿ ಸೆಟ್ಟಿನ ಅಂಚು ಕಾಣುವುದಿಲ್ಲ, ಗ್ರಾಫಿಕ್ಸಿನ ಕೆಲಸವೂ ಕಡಿಮೆಯಾಗುತ್ತದೆ. ಕಥೆಗೆ ಬೇಕಾದದ್ದೇ ಖರ್ಚನ್ನೂ ಉಳಿಸಿದೆ. ಇದು ಬರೆಯುವ ಹಂತದಲ್ಲೇ ಆದ ಜಾಣತನ.

ಎರಡನೆಯದು ಫೈಟ್. ಸಾಹಸ ನಿರ್ದೇಶನ ಯಾನಿಕ್ ಬೆನ್ ಅವರದು. ಚಂದ್ರ ಕೈ ಬೀಸಿದರೆ ಇಪ್ಪತ್ತು ಜನ ಗಾಳಿಯಲ್ಲಿ ತೇಲುವುದಿಲ್ಲ. ಏಟು ಬಿದ್ದದ್ದು ಗೊತ್ತಾಗುತ್ತದೆ. ಅವಳಿಗೂ ಗಾಯವಾಗುತ್ತದೆ, ಸುಸ್ತಾಗುತ್ತದೆ, ರಕ್ತ ಸಿಗದಿದ್ದರೆ ಶಕ್ತಿ ಇಳಿಯುತ್ತದೆ. ಕಲ್ಯಾಣಿ ಅದಕ್ಕಾಗಿ ತಯಾರಿ ಮಾಡಿಕೊಂಡಿದ್ದು ಅವರ ನಿಲ್ಲುವ ಭಂಗಿಯಲ್ಲೇ ಕಾಣುತ್ತದೆ.

ಮೂರನೆಯದು ಜೇಕ್ಸ್ ಬಿಜಾಯ್ ಅವರ ಸಂಗೀತ. ಮನೆಯ ಟಿವಿಯಲ್ಲಿ ನೋಡುವವರು ದಯವಿಟ್ಟು ಸೌಂಡ್ ಸ್ವಲ್ಪ ಜಾಸ್ತಿ ಇಡಿ.

ಸೆಕೆಂಡ್ ಹಾಫ್ ಜಗ್ಗುತ್ತೆ ಅಲ್ವಾ? ಒಪ್ಕೊಳ್ಳಿ.

ಒಪ್ಪುತ್ತೇನೆ. ಇಂಟರ್ವಲ್ ತನಕ ಯಾರು ಇವಳು ಎಂಬ ಕುತೂಹಲ ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಗುಟ್ಟು ಬಿಟ್ಟ ಮೇಲೆ ಅಷ್ಟೇ ಬಲವಾದ ಇನ್ನೊಂದು ಎಳೆ ಬೇಕಿತ್ತು. ಬದಲಿಗೆ ಮುಂದಿನ ಭಾಗಗಳಿಗೆ ಬೇಕಾದ ಪಾತ್ರಗಳು ಒಬ್ಬರ ಹಿಂದೆ ಒಬ್ಬರು ಬಂದು ಮುಖ ತೋರಿಸುತ್ತವೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ, ಸರಿ. ಆದರೆ ಆ ಹೊತ್ತಿನಲ್ಲಿ ಚಂದ್ರ ತನ್ನ ಸಿನಿಮಾದಲ್ಲೇ ಪಕ್ಕಕ್ಕೆ ಸರಿದ ಹಾಗೆ ಆಗುತ್ತದೆ. ಗ್ಯಾಂಗಿನ ಕಥೆಯೂ ತೆಳು. ಅಂಗಾಂಗ ಕದಿಯುವವರು ಎಂದರೆ ಎಷ್ಟು ಭಯಂಕರ ವಿಷಯ, ಅದನ್ನು ಫೈಟಿಗೆ ನೆಪವಾಗಿ ಮಾತ್ರ ಬಳಸಿದ್ದಾರೆ.

ಇನ್‌ಸ್ಪೆಕ್ಟರ್ ನಾಚಿಯಪ್ಪನ ಪಾತ್ರ ಮಾತ್ರ ಕೊನೆಯವರೆಗೂ ನಿಲ್ಲುತ್ತದೆ. ಅದನ್ನು ಮಾಡಿದ ಸ್ಯಾಂಡಿ ಮಾಸ್ಟರ್ ಮೂಲತಃ ಡ್ಯಾನ್ಸ್ ಮಾಸ್ಟರ್. ಆ ದೇಹದ ಹಿಡಿತವನ್ನು ಇಲ್ಲಿ ಕ್ರೌರ್ಯಕ್ಕೆ ಬಳಸಿದ್ದಾರೆ. ಹೆಣ್ಣೆಂದರೆ ಅಸಹ್ಯಪಡುವ ಗಂಡಸು, ಶಕ್ತಿ ಇರುವ ಹೆಣ್ಣಿನ ಎದುರು ಬಂದು ನಿಲ್ಲುತ್ತಾನೆ. ಇದಕ್ಕಿಂತ ಸರಿಯಾದ ವಿಲನ್ ಈ ಕಥೆಗೆ ಸಿಗುತ್ತಿರಲಿಲ್ಲ.

## ಬೆಂಗಳೂರು ಮತ್ತು ಕನ್ನಡ

ಕಥೆ ನಡೆಯೋದು ಬೆಂಗಳೂರಲ್ಲಿ. ಹಾಗಾದ್ರೆ ಕನ್ನಡ ಎಲ್ಲಿ ಹೋಯ್ತು?

ನನಗೆ ಈ ಸಿನಿಮಾದ ಮೇಲಿರುವ ದೊಡ್ಡ ದೂರು ಇದೇ.

ಕಥೆಯನ್ನು ಬೆಂಗಳೂರಿನಲ್ಲಿ ಯಾಕೆ ಇಟ್ಟರು ಎಂದು ನನಗೆ ಅರ್ಥವಾಗುತ್ತದೆ. ಯಾರೂ ಯಾರನ್ನೂ ಕೇಳದ ಊರು ಬೇಕಿತ್ತು. ಎದುರು ಮನೆಗೆ ರಾತ್ರೋರಾತ್ರಿ ಯಾರೋ ಬಂದು ಸೇರಿದರೂ ಪಕ್ಕದವರಿಗೆ ಗೊತ್ತಾಗಬಾರದು. ಹೊರಗಿನಿಂದ ಬಂದ ಹುಡುಗರು ಬಾಡಿಗೆ ಮನೆಯಲ್ಲಿ ಗುಂಪಾಗಿ ಇರಬೇಕು. ಅಂಥ ಬೆಂಗಳೂರು ಇದೆ, ನಿಜ. ನಮ್ಮೂರಿನಿಂದ ದಿನಾ ಬಸ್ಸು, ರೈಲು ಹತ್ತಿ ಹೋಗುವ ನಾವು ಅದನ್ನು ನೋಡುತ್ತಲೇ ಇದ್ದೇವೆ.

ಆದರೆ ಆ ಬೆಂಗಳೂರಿಗೆ ಬೆಳಗಿನ ಜಾವ ಹಾಲು, ಹೂವು, ತರಕಾರಿ ಹೋಗುವುದು ನಮ್ಮ ಕಡೆಯಿಂದ. ಅಲ್ಲಿ ಆಟೋ ಓಡಿಸುವವರಲ್ಲಿ, ಕೆಫೆಯಲ್ಲಿ ಲೋಟ ತೊಳೆಯುವವರಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತಿರುವವರಲ್ಲಿ, ಠಾಣೆಯ ಕಾನ್‌ಸ್ಟೆಬಲ್‌ಗಳಲ್ಲಿ ಕನ್ನಡದವರು ಎಷ್ಟು ಜನ ಇದ್ದಾರೆ! ಒಂದು ರಾತ್ರಿ ಪಾಳಿಯ ಕೆಫೆಯಲ್ಲಿ ಚಿಂತಾಮಣಿಯ ಹುಡುಗಿ ಒಬ್ಬಳು ಇರುವುದು ಎಷ್ಟು ಸಹಜ. ಈ ಸಿನಿಮಾದಲ್ಲಿ ಅವರಿಗೆಲ್ಲ ಸಿಕ್ಕ ಜಾಗ ತುಂಬಾ ಚಿಕ್ಕದು. ನೀಲಿಯ ಕಾಲದ ಕಾಡನ್ನು ಇಷ್ಟು ಪ್ರೀತಿಯಿಂದ ಕಟ್ಟಿದ ತಂಡ, ಇವತ್ತಿನ ಊರನ್ನೂ ಅಷ್ಟೇ ಗಮನದಿಂದ ಕೇಳಿಸಿಕೊಳ್ಳಬಹುದಿತ್ತು. ದುಡ್ಡಿನ ಮಾತಲ್ಲ ಇದು. ನಾಲ್ಕು ಒಳ್ಳೆಯ ಕನ್ನಡ ಪಾತ್ರ ಬರೆಯಲು ಗ್ರಾಫಿಕ್ಸ್ ಬೇಕಾಗಿಲ್ಲ.

ಬೆಂಗಳೂರು ಹುಡುಗಿಯರ ಬಗ್ಗೆ ಕೆಟ್ಟದಾಗಿ ಮಾತಾಡಿದ ಸಿನಿಮಾ. ಆದ್ರೂ ಹೊಗಳ್ತೀರಾ ನೀವು?

ನಾಚಿಯಪ್ಪ ಬೆಂಗಳೂರಿನ ಹುಡುಗಿಯರನ್ನು ಕೀಳಾಗಿ ಆಡುವ ಆ ಡೈಲಾಗ್ ಕೇಳಿ ನನಗೂ ಚುಚ್ಚಿತು. ಮುಚ್ಚಿಡುವುದಿಲ್ಲ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಇಲ್ಲಿ ದೊಡ್ಡ ಗಲಾಟೆಯಾಯಿತು. ವೇಫೇರರ್ ಫಿಲ್ಮ್ಸ್ ಸೆಪ್ಟೆಂಬರ್ ಮೊದಲ ವಾರದಲ್ಲೇ ಕರ್ನಾಟಕದ ಜನರ ಕ್ಷಮೆ ಕೇಳಿತು. ಆ ಮಾತನ್ನು ತೆಗೆಯುತ್ತೇವೆ ಅಥವಾ ಬದಲಿಸುತ್ತೇವೆ ಎಂದು ಹೇಳಿತು. ಅದು ಸರಿಯಾದ ಕೆಲಸ, ಬೇಗ ಮಾಡಿದರು.

ಕೆಟ್ಟ ಪಾತ್ರ ಕೆಟ್ಟದ್ದೇ ಮಾತಾಡುತ್ತದೆ, ಅದಕ್ಕೆ ಯಾಕೆ ಬೇಜಾರು ಎಂದು ಕೆಲವರು ವಾದಿಸಿದರು. ನಾನೂ ಅದನ್ನು ಯೋಚಿಸಿದ್ದೇನೆ. ವಿಲನ್ ಹೆಣ್ಣುಮಕ್ಕಳನ್ನು ಕೀಳಾಗಿ ಮಾತಾಡಿದರೆ ಅವನ ಕೊಳಕು ನಮಗೆ ತಿಳಿಯುತ್ತದೆ, ಒಪ್ಪೋಣ. ಆದರೆ ಹಾಗೆ ಹೇಳಿಸಿದ ಮೇಲೆ ಅದೇ ಊರಿನ ಒಬ್ಬಳಾದರೂ ಹುಡುಗಿ ತೆರೆಯ ಮೇಲೆ ಇರಬೇಕಿತ್ತು. ಅವಳ ಬದುಕು ನೋಡಿದ ನಮಗೆ ಅವನ ಮಾತು ಸುಳ್ಳು ಎಂದು ತಾನಾಗಿ ಅನ್ನಿಸಬೇಕಿತ್ತು. ಅಂಥ ಒಬ್ಬಳಿಲ್ಲದೆ ಆ ಮಾತು ಒಂಟಿಯಾಗಿ ಉಳಿಯಿತು, ಚುಚ್ಚಿದ್ದು ಅದಕ್ಕೇ. ಮೇಲಿನ ಪ್ರಶ್ನೆಯ ದೂರಿಗೂ ಇದಕ್ಕೂ ಬೇರು ಒಂದೇ.

ಹೊಗಳುತ್ತೀರಾ ಎಂದರೆ, ಹೌದು. ಹೆಣ್ಣಿನ ಮರ್ಯಾದೆ, ಹೆಣ್ಣಿನ ಕೋಪ ಇವೆರಡನ್ನೂ ಇಷ್ಟು ಗೌರವದಿಂದ ನೋಡಿದ ಸಿನಿಮಾವನ್ನು ಒಂದು ಮಾತಿಗಾಗಿ ಕೈಬಿಡಲು ನನಗೆ ಮನಸ್ಸಿಲ್ಲ.

ಯಕ್ಷಿ, ಮಂತ್ರ, ರಕ್ತ ಅಂತ ತೋರಿಸಿ ಮೂಢನಂಬಿಕೆ ಹರಡ್ತಾರೆ ಅಲ್ವಾ ಮೇಡಂ?

ಈ ಪ್ರಶ್ನೆ ಕೇಳಿದವರು ನಿವೃತ್ತ ಮೇಷ್ಟ್ರು. ಗೌರಿಬಿದನೂರು ಕಡೆಯವರು. ಅವರು ಕೇಳುವುದರಲ್ಲಿ ನ್ಯಾಯವಿದೆ, ಯಾಕೆಂದರೆ ಆ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿ ಮಾಡಿದವರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಎಂದು ಜೀವನಪೂರ್ತಿ ಹೇಳಿದವರು.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು. ಕಥೆಯನ್ನು ಕಥೆ ಎಂದು ಗೊತ್ತಿದ್ದೇ ಕೇಳುವುದು ಮೂಢನಂಬಿಕೆ ಅಲ್ಲ. ತಾಯಿತ ಕೊಂಡರೆ ಯಕ್ಷಿ ಬರಲ್ಲ ಎಂದು ದುಡ್ಡು ವಸೂಲಿ ಮಾಡುವುದು ಮೂಢನಂಬಿಕೆ. 90ರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಲಿನ ಊರುಗಳಲ್ಲಿ ಮನೆ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ಅದು ನಿಜವಾದ ಭಯವಾಗಿತ್ತು, ರಾತ್ರಿ ಬಾಗಿಲು ತಟ್ಟುವ ಹೆಣ್ಣಿಗೆ ಹೆದರಿ ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಸಿನಿಮಾ ಅದಕ್ಕೆ ಉಲ್ಟಾ. ಬಾಗಿಲು ತಟ್ಟುವ ಹೆಣ್ಣಿಗೆ ಏನಾಗಿತ್ತು ಎಂದು ಕೇಳುತ್ತದೆ. ಶಕ್ತಿ ಬಂದದ್ದನ್ನೂ ವರ, ಶಾಪ ಎನ್ನದೆ ಸೋಂಕಿನ ಹಾಗೆ ತೋರಿಸಿದೆ. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ಆದರೆ ಮೊಮ್ಮಗಳ ಜೊತೆ ಕೂತು ನೋಡುತ್ತೇನೆ ಎಂದರು.

## ಸ್ವಲ್ಪ ಆಳದ ಪ್ರಶ್ನೆಗಳು

ಬಿಸಿಲು ಆಗಲ್ಲ, ರಕ್ತ ಕುಡೀಬೇಕು. ಇದು ಇಂಗ್ಲಿಷ್ ವ್ಯಾಂಪೈರ್ ಅಲ್ವಾ? ನಮ್ಮ ಯಕ್ಷಿಗೆ ಅದನ್ನ ಯಾಕೆ ಅಂಟಿಸ್ಬೇಕು?

ಅರ್ಧ ಒಪ್ಪುತ್ತೇನೆ. ಯಕ್ಷಿ ರಕ್ತ ಹೀರುವುದು ಕೇರಳದ ಕಥೆಗಳಲ್ಲೇ ಇದೆ, ಅದನ್ನು ಹೊರಗಿನಿಂದ ತಂದಿಲ್ಲ. ಬಿಸಿಲಿಗೆ ಮೈ ಸುಡುವುದು, ಕಚ್ಚಿಸಿಕೊಂಡವನೂ ಹಾಗೇ ಆಗುವುದು, ಇವು ಯುರೋಪಿನ ಕಥೆಗಳ ಲಕ್ಷಣ. ಎರಡನ್ನೂ ಬೆಸೆಯಲು ಕಾರಣವಿದೆ. ಎಲ್ಲ ಶಕ್ತಿಯೂ ಇರುವ, ಏನೂ ತಾಗದ ಹೀರೋ ಮೇಲೆ ನಮಗೆ ಕಾಳಜಿ ಹುಟ್ಟುವುದಿಲ್ಲ. ಬೆಳಗಾದರೆ ಸಾಯುತ್ತಾಳೆ ಎಂದು ಗೊತ್ತಿದ್ದಾಗ ಪ್ರತಿ ರಾತ್ರಿಗೂ ಒಂದು ಕೊನೆ ಇರುತ್ತದೆ. ನೋಡುವವರ ಎದೆ ಬಡಿಯುವುದು ಅಲ್ಲಿ.

ಆದರೆ ಪಾಲೆ ಮರದಲ್ಲಿ ಕೂತು ಸುಣ್ಣ ಕೇಳುವ ಯಕ್ಷಿಯ ಕಥೆ ಕೇಳಿದವರಿಗೆ ಆ ಸೊಗಸು ಇಲ್ಲಿ ಸಿಗುವುದಿಲ್ಲ. ದಾರಿಹೋಕನನ್ನು ನಿಲ್ಲಿಸಿ ಎಲೆ ಅಡಿಕೆಗೆ ಸುಣ್ಣ ಇದೆಯಾ ಎಂದು ಕೇಳುವ ಆ ಸಣ್ಣ ಮಾತಿನಲ್ಲಿ ಎಷ್ಟು ಭಯವಿದೆ! ಅಂಥ ಒಂದು ದೃಶ್ಯ ಇದ್ದಿದ್ದರೆ ನಾನು ಇನ್ನೊಂದು ಸಲ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಕೇರಳದವರು ಮಾಡಿದ್ರು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಥೆಯಿಂದ ಇಂಥದ್ದು ಆಗುತ್ತಾ?

ಯಾಕಾಗಲ್ಲ? ನನಗೆ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಇದು.

ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಹೋಗಿ. ಮಹಾಭಾರತದ ಏಕಚಕ್ರಪುರ ಅದೇ ಎಂದು ಜನ ನಂಬುತ್ತಾರೆ. ಬಂಡಿ ತುಂಬಾ ಅನ್ನ ಹೊತ್ತು ಹೋಗಿ ಅದನ್ನು ತಾನೇ ಉಂಡು ಬಕಾಸುರನನ್ನು ಭೀಮ ಕೊಂದದ್ದು ಅಲ್ಲಿನ ಬೆಟ್ಟದಲ್ಲಿ ಎನ್ನುತ್ತಾರೆ. ಬೆಟ್ಟದಿಂದ ಬಕಾಸುರನ ರಕ್ತ ಜಿನುಗುತ್ತದೆ ಎಂಬ ಮಾತೂ ಇದೆ. ಭೀಮನ ಹೆಸರಿನ ಲಿಂಗವೇ ಅಲ್ಲಿದೆ. ಊರಿಗೆ ಊರೇ ಸರದಿಯ ಮೇಲೆ ಒಬ್ಬೊಬ್ಬರನ್ನು ರಾಕ್ಷಸನಿಗೆ ಕಳಿಸುತ್ತಿದ್ದಾಗ ಹೊರಗಿನಿಂದ ಬಂದ ಒಬ್ಬ ಎದ್ದು ನಿಲ್ಲುವುದು. ಸೂಪರ್‌ಹೀರೋ ಕಥೆಯ ಹಂದರ ಇದಲ್ಲದೆ ಇನ್ನೇನು?

ಕೋಲಾರದಲ್ಲಿ ಕೋಲಾರಮ್ಮನ ಗುಡಿಯಲ್ಲೇ ಚೇಳಮ್ಮ ಇದ್ದಾಳೆ. ಅವಳಿಗೆ ನಡೆದುಕೊಂಡವರನ್ನು ಚೇಳು ಮುಟ್ಟುವುದಿಲ್ಲ ಎಂದು ಭಕ್ತರ ನಂಬಿಕೆ. ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕುವುದು ತಲೆತಲಾಂತರದಿಂದ ಬಂದಿದೆ. ಕಲ್ಲು ಬಂಡೆಯ ನಾಡಿಗೆ ಚೇಳಿನ ದೇವತೆ. ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ.

ಆದರೆ ನನ್ನ ಮನಸ್ಸಿನಲ್ಲಿ ಕೂತಿರುವ ಕಥೆ ಬೇರೆ. ಶಾಲೆಯಲ್ಲಿ ‘ಕೆರೆಗೆ ಹಾರ’ ಓದಿದ್ದೀರಲ್ಲ? ಕಲ್ಲನಕೇರಿಯ ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟರೆ ನೀರು ಬರುತ್ತದೆ ಎಂದು ಹಿರಿಯರೆಲ್ಲ ಸೇರಿ ತೀರ್ಮಾನ ಮಾಡುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಅವಳಿಗೆ ಎಲ್ಲ ಗೊತ್ತು. ಮರೆತು ಬಂದ ಬಂಗಾರದ ಪಾತ್ರೆ ತರಲು ಅವಳನ್ನೇ ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರುತ್ತದೆ. ಅದು ಉತ್ತರ ಕರ್ನಾಟಕದ ಹಾಡು, ಆದರೆ ಕೆರೆಗೆ ಹೆಣ್ಣನ್ನು ಕೊಟ್ಟ ಕಥೆಗಳು ನಮ್ಮ ಕಡೆಯೂ ಕೇಳಿಬರುತ್ತವೆ. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲದ, ಕೆರೆಯನ್ನೇ ನಂಬಿ ಬದುಕಿದ ಸೀಮೆ ನಮ್ಮದು.

ಆ ಭಾಗೀರಥಿ ಇವತ್ತು ನೀರಿನಿಂದ ಎದ್ದು ಬಂದರೆ? ಅವಳು ಕಾಯುವುದು ಕೆರೆಯನ್ನೇ. ಇವತ್ತು ನಮ್ಮ ಕೆರೆಗಳಿಗೆ ಬರುವ ನೀರು ಯಾವುದು? ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆ, ನಮಗೆ ಎಚ್.ಎನ್. ವ್ಯಾಲಿ ಯೋಜನೆ, ಎರಡರಲ್ಲೂ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪಂಪ್ ಮಾಡುತ್ತಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ರೈತರು ಕೇಳುತ್ತಲೇ ಇದ್ದಾರೆ. ಕೆರೆ ಒತ್ತುವರಿ ಮಾಡುವವರು, ಮರಳು ತೆಗೆಯುವವರು, ಸಾವಿರ ಅಡಿ ಬೋರ್ ಕೊರೆದರೂ ಬರೀ ಧೂಳು ಬಂದು ಕಣ್ಣೀರು ಹಾಕುವ ಮನೆಗಳು, ಎಲ್ಲವೂ ಇಲ್ಲೇ ಇವೆ. ವಿಲನ್ ಹುಡುಕಿಕೊಂಡು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ. ಅವಳ ಶಕ್ತಿಗೆ ಮಿತಿಯೂ ಸಿದ್ಧವಾಗಿದೆ: ಕೆರೆ ಒಣಗಿದರೆ ಅವಳಿಗೆ ಬಲವಿಲ್ಲ. ನೀಲಿಯ ಕಥೆಯಲ್ಲಿ ರಾಜ ಮಾಡಿದ ಅನ್ಯಾಯ, ಭಾಗೀರಥಿಯ ಕಥೆಯಲ್ಲಿ ಮನೆಯವರೇ ಮಾಡಿದ್ದು. ಹಾಗಾಗಿ ಅವಳ ಕೋಪ ಇನ್ನೂ ಕಷ್ಟದ್ದು. ಯಾರನ್ನು ಹೊಡೆಯುತ್ತಾಳೆ? ಯಾರಿಗಾಗಿ ಪ್ರಾಣ ಕೊಟ್ಟಳೋ ಅದೇ ಊರನ್ನು ಕಾಪಾಡುತ್ತಾಳಾ?

ಸಿನಿಮಾ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಎತ್ತಿಕೊಳ್ಳಿ. ನಮ್ಮ ಮಾತಿನ ಧಾಟಿಯಲ್ಲೇ ಮಾಡಿ, ಮಧ್ಯೆ ತೆಲುಗು ಬಂದರೂ ಇರಲಿ. ನಾವು ಹಾಗೇ ಮಾತಾಡೋದು.

ಇದೇ ಥರದ ಬೇರೆ ಸಿನಿಮಾ ಯಾವುದಿದೆ?

2021ರ ಮಲಯಾಳಂನ ‘ಮಿನ್ನಲ್ ಮುರಳಿ’, ಹಳ್ಳಿಯ ದರ್ಜಿಗೆ ಸಿಡಿಲು ಬಡಿದು ಶಕ್ತಿ ಬರುವ ಕಥೆ. ಅದರ ವಿಲನ್ ಮೇಲೆ ಹುಟ್ಟುವಷ್ಟು ಮರುಕ ಚಂದ್ರನ ಶತ್ರುಗಳ ಮೇಲೆ ಹುಟ್ಟುವುದಿಲ್ಲ. 2024ರ ತೆಲುಗಿನ ‘ಹನುಮಾನ್’ ಮಕ್ಕಳ ಜೊತೆ ನೋಡಲು ಚೆನ್ನ.

ಎರಡನೇ ಭಾಗ ಯಾರ ಕಥೆ? ನಿಮಗೆ ಏನು ಬೇಕು ಅದರಲ್ಲಿ?

ಎರಡನೇ ಭಾಗ ಚಾತ್ತನ್ ಕಥೆ ಎಂದು 2025ರ ಸೆಪ್ಟೆಂಬರಿನಲ್ಲೇ ಹೇಳಿದ್ದಾರೆ. ಟೊವಿನೋ ಮುಖ್ಯ ಪಾತ್ರ, ನಿರ್ದೇಶಕರು ಮತ್ತೆ ಡೊಮಿನಿಕ್ ಅರುಣ್ ಅವರೇ.

ನನಗೆ ಬೇಕಾದದ್ದು ಎರಡು. ಚಾತ್ತನ್ ಎಷ್ಟೇ ನಗಿಸಲಿ, ಚಂದ್ರ ಅವನ ಕಥೆಯಲ್ಲಿ ಸಹಾಯಕ್ಕೆ ಬಂದು ಹೋಗುವವಳಾಗಬಾರದು. ಈ ಲೋಕವನ್ನು ಕಟ್ಟಿದ್ದು ಅವಳು. ಎರಡನೆಯದು, ಕಥೆ ಮತ್ತೆ ಬೆಂಗಳೂರಿಗೆ ಬಂದರೆ ಆ ಕೆಫೆಯಲ್ಲಿ ಒಂದು ಕನ್ನಡದ ಹುಡುಗಿ ಇರಲಿ. ಅವಳಿಗೆ ಹೆಸರಿರಲಿ, ಊರಿರಲಿ, ಬಾಯಿ ತುಂಬಾ ಮಾತಿರಲಿ. ಚಂದ್ರ ಯಾರು ಎಂದು ಎಲ್ಲರಿಗಿಂತ ಮೊದಲು ಅವಳೇ ಕಂಡುಹಿಡಿಯಲಿ.